ಹೆಪಟೈಟಿಸ್ ಬಿ ಟೈಟರ್ ಕಡಿಮೆ ಬಂದರೆ ಆಸ್ಪತ್ರೆ ಕೆಲಸ ಹೋಗುತ್ತಾ?

ಪ್ರಶ್ನೆ (ಹೊಸ ಸ್ಟಾಫ್ ನರ್ಸ್, ದೇರಳಕಟ್ಟೆ): ನಮಸ್ಕಾರ ಡಾಕ್ಟ್ರೇ. ಮಂಗಳೂರಿನ ಒಂದು ಆಸ್ಪತ್ರೆಗೆ ಸೆಲೆಕ್ಟ್ ಆಗಿದ್ದೇನೆ. ನರ್ಸಿಂಗ್ ಮೊದಲ ವರ್ಷದಲ್ಲೇ ಹೆಪಟೈಟಿಸ್ ಬಿ ಮೂರು ಡೋಸ್ ಆಗಿದೆ, ಕಾರ್ಡ್ ಉಂಟು. ಆದರೂ ಟೈಟರ್ (ರಕ್ತದಲ್ಲಿ ಲಸಿಕೆಯ ರಕ್ಷಣೆ ಎಷ್ಟಿದೆ ಅಂತ ಅಳೆಯುವ ಟೆಸ್ಟ್) ಬೇಕು ಅಂದರು. 6 ಬಂತು, 10 ಇರಬೇಕಂತೆ. ಎಚ್‌ಐವಿ ಟೆಸ್ಟ್ ಕೂಡ ಬರೆದಿದ್ದಾರೆ. ಕೆಲಸ ಹೋಗುತ್ತಾ?

ಉತ್ತರ: ಇಷ್ಟಕ್ಕೆಲ್ಲ ಕೆಲಸ ಯಾಕೆ ಹೋಗುತ್ತದೆ, ಗಾಬರಿ ಬೇಡ. ಎಷ್ಟು ಸಲ ಚುಚ್ಚಿದರು ಅಂತ ಕಾರ್ಡ್ ಹೇಳುತ್ತದೆ. ಮೈಗೆ ಹಿಡಿಯಿತಾ ಅಂತ ಟೈಟರ್‌ನಿಂದಲೇ ಗೊತ್ತಾಗಬೇಕು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಲ್ಲಿ ಅದನ್ನು ನೋಡಬೇಕಿತ್ತು. ಕಾಲೇಜುಗಳಲ್ಲಿ ಈ ಒಂದು ಹೆಜ್ಜೆ ಬಿಟ್ಟುಹೋಗುವುದೇ ಜಾಸ್ತಿ. ವರ್ಷ ಕಳೆದ ಹಾಗೆ ಟೈಟರ್ ಇಳಿಯುವುದು ಸಹಜ. ಹಾಗಾಗಿ 6 ಅಂದ ಕೂಡಲೇ ಲಸಿಕೆ ಕೆಲಸವೇ ಮಾಡಿಲ್ಲ ಅಂತ ಹೇಳಲಾಗುವುದಿಲ್ಲ.

ಈಗ ಇನ್ನೊಂದು ಡೋಸ್ ಹಾಕಿಸಿಕೊಂಡು, ಒಂದೆರಡು ತಿಂಗಳು ಬಿಟ್ಟು ಟೈಟರ್ ಮಾಡಿಸಿ. 10 ದಾಟಿದರೆ ಮುಗಿಯಿತು. ದಾಟದಿದ್ದರೆ ಇನ್ನೆರಡು ಡೋಸ್, ಮತ್ತೆ ಟೈಟರ್. ಆಗಲೂ ಬರಲಿಲ್ಲವೆಂದರೆ ಎಚ್‌ಬಿಎಸ್‌ಎಜಿ, ಅಂದರೆ ಹೆಪಟೈಟಿಸ್ ಬಿ ಸೋಂಕೇ ಇದೆಯಾ ಅಂತ ತಿಳಿಯುವ ರಕ್ತ ಪರೀಕ್ಷೆ, ನೋಡುತ್ತಾರೆ. ಅದು ನೆಗೆಟಿವ್ ಇದ್ದರೆ ನಿಮಗೆ ಲಸಿಕೆ ಹಿಡಿಯುವುದಿಲ್ಲ ಅಂತ ಲೆಕ್ಕ. ಮುಂದೆ ಪಾಸಿಟಿವ್ ರೋಗಿಯ ಸೂಜಿ ಚುಚ್ಚಿದರೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕಾಗುತ್ತದೆ, ಅದೂ ತಡಮಾಡದೆ. ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಚುಚ್ಚಿಕೊಂಡ ಮೇಲೆ ಹಳೇ ಕಾರ್ಡ್ ಹುಡುಕುವುದಕ್ಕಿಂತ ಈಗಲೇ ತಿಳಿದಿರುವುದು ಒಳ್ಳೆಯದಲ್ವಾ? ರಿಪೋರ್ಟಿನ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ.

ಎಚ್‌ಐವಿ ವಿಷಯ ಬೇರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ, ಕೆಲಸ ಕೊಡಲು ಆ ಟೆಸ್ಟ್ ಮಾಡಿಸಲೇಬೇಕು ಎಂಬ ಷರತ್ತು ಹಾಕುವಂತಿಲ್ಲ. ಎಚ್‌ಆರ್‌ನವರಲ್ಲಿ ನಯವಾಗಿಯೇ ಕೇಳಿ. ಎಷ್ಟೋ ಕಡೆ ಹಳೇ ಫಾರಂ ಸುಮ್ನೆ ಹಾಗೇ ನಡೆದುಕೊಂಡು ಬಂದಿರುತ್ತದೆ.

ಪ್ರಶ್ನೆ (ಅದೇ ನರ್ಸ್): ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಚಿಕನ್‌ಪಾಕ್ಸ್ ಸಣ್ಣವಳಿದ್ದಾಗಲೇ ಬಂದಿದೆ. ಆ ಲಸಿಕೆ ಬೇಕಾ?

ಉತ್ತರ: ಬಂದದ್ದು ಖಾತ್ರಿ ಇದ್ದರೆ ಬೇಡ. ಅನುಮಾನ ಇದ್ದರೆ ರಕ್ತದಲ್ಲಿ ಐಜಿಜಿ (ಅದರ ವಿರುದ್ಧದ ಪ್ರತಿಕಾಯ) ನೋಡಬಹುದು. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಚಿಕನ್‌ಪಾಕ್ಸ್, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ಎರಡೂ ಆಗ ಕೊಡುವುದಿಲ್ಲ, ಎದೆಯ ಎಕ್ಸ್‌ರೇಯನ್ನೂ ಮುಂದೆ ಹಾಕುತ್ತಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಉಡುಪಿ): ನನ್ನ ಅಕ್ಕ ಆಸ್ಪತ್ರೆಯಲ್ಲಿ ಕಾಂಟ್ರಾಕ್ಟ್ ಮೇಲೆ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದ್ದಾಳೆ. ಬಿಪಿ ನೋಡಿ ಸೈನ್ ಹಾಕಿಸಿಕೊಂಡರು ಅಷ್ಟೆ. ಅವಳಿಗೂ ಇದೆಲ್ಲ ಉಂಟಾ ಮಾರಾಯ್ರೆ?

ಉತ್ತರ: ಅವರಿಗಂತೂ ಬೇಕೇ ಬೇಕು! ಬಿಳಿ ಡಬ್ಬಕ್ಕೆ ಹೋಗಬೇಕಾದ ಸೂಜಿಯನ್ನು ಯಾರೋ ಹಳದಿ ಚೀಲಕ್ಕೆ ಎಸೆದಿರುತ್ತಾರೆ. ಚೀಲ ಎತ್ತುವಾಗ ಅದು ತೊಡೆಗೆ ಚುಚ್ಚುತ್ತದೆ. ಯಾವ ರೋಗಿಯದು ಅಂತಲೂ ಗೊತ್ತಾಗುವುದಿಲ್ಲ. 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಕಸ ಮುಟ್ಟುವ ಎಲ್ಲರಿಗೂ ಆಸ್ಪತ್ರೆಯೇ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸಬೇಕು. ಸೇರುವಾಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಬೇಕು. ಕಾಂಟ್ರಾಕ್ಟ್‌ನವರು ಅಂತ ಬಿಡುವ ಹಾಗಿಲ್ಲ. ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಯಾರು ಅಂತ ಕೇಳಿ, ಅಕ್ಕ ನೇರ ಅವರ ಹತ್ತಿರವೇ ಹೋಗಲಿ. ಸೂಪರ್‌ವೈಸರ್‌ಗೆ ಹೇಳಿ ಕಾಯುತ್ತಾ ಕೂರುವುದು ಬೇಡ. ಹೆಪಟೈಟಿಸ್ ಬಿ ಡೋಸ್ ಇವತ್ತು ಒಂದು, ಒಂದು ತಿಂಗಳು ಬಿಟ್ಟು ಒಂದು, ಆರನೇ ತಿಂಗಳಿಗೆ ಒಂದು. ಅಷ್ಟರೊಳಗೆ ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಸೀದಾ ಕ್ಯಾಶುವಾಲ್ಟಿಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ.