ಬಫಾತಿಗೂ ಕಾಣೆ ಮೀನಿಗೂ ಹೊಂದುವ ವೈನ್ ಯಾವುದು?

ಪ್ರಶ್ನೆ (ಮಂಗಳೂರು): ತಂಗಿಯ ಮದುವೆಯೂಟಕ್ಕೆ ಹಂದಿ ಬಫಾತ್ (ಖಾರದ ಮಸಾಲೆ ಹಾಕಿದ ಹಂದಿಮಾಂಸದ ಅಡುಗೆ) ಮತ್ತು ಕಾಣೆ ಫ್ರೈ ಇರುವುದರಿಂದ, ದುಬಾರಿಯಲ್ಲದ ಕೆಂಪು, ಬಿಳಿ ವೈನುಗಳನ್ನು ಯಾವ ಪ್ರದೇಶದಿಂದ ಆರಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿರಿ.

ಉತ್ತರ (ಉಡುಪಿ): ಕಾಣೆಗೆ ನಾಸಿಕದ ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಸಾಕು, ಆಮದು ಸುಂಕ ಹೊತ್ತು ಬರುವ ಫ್ರಾನ್ಸಿನ ಬಾಟಲಿಗೆ ಹಣ ಸುರಿಯಬೇಕಾಗಿಲ್ಲ. ಅದರ ಹುಳಿ, ಮೀನಿನ ಮೇಲೆ ಹಿಂಡಿದ ಲಿಂಬೆಯಂತೆ, ಎಣ್ಣೆಯ ಜಿಡ್ಡನ್ನು ನಾಲಿಗೆಯಲ್ಲಿ ಉಳಿಯಗೊಡುವುದಿಲ್ಲ.

ಉತ್ತರ (ಮಂಗಳೂರು): ಬಫಾತಿನ ಖಾರದೊಡನೆ ಒಗರು ಹೆಚ್ಚಿರುವ ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ನಂದಿ ಬೆಟ್ಟದ ಆಸುಪಾಸಿನ ಶಿರಾಜ್ ಎಂಬ ಕೆಂಪು ವೈನ್ ಅಥವಾ, ಸ್ವಲ್ಪ ಹೆಚ್ಚು ಕೊಡಬಲ್ಲಿರಾದರೆ, ಸ್ಪೇನಿನ ರಿಯೋಹಾದ ಎಳೆಯ ಟೆಂಪ್ರಾನಿಯೊ ಮೃದುವಾಗಿರುತ್ತದೆ. ನಮ್ಮೂರಿನ ಸೆಕೆಯಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. 750 ಮಿಲಿಲೀಟರಿನ ಬಾಟಲಿಯಿಂದ ಐದು ಗ್ಲಾಸುಗಳೆಂದು ಲೆಕ್ಕ ಹಾಕಿಕೊಳ್ಳಿರಿ.