ಪಿಎಚ್.ಡಿ. ಮಾರ್ಗದರ್ಶಕರ ಆಯ್ಕೆ: ಎಚ್-ಇಂಡೆಕ್ಸನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು?

ಪ್ರಶ್ನೆ: ಸಂಶೋಧನಾರ್ಥಿ, ಜಯನಗರ

ನಮಸ್ಕಾರ. ಔಷಧಕ್ಕೆ ಬಗ್ಗದ ಕ್ಷಯರೋಗದ ಕುರಿತು ಬೆಂಗಳೂರಿನಲ್ಲಿಯೇ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಇಬ್ಬರು ಮಾರ್ಗದರ್ಶನಕ್ಕೆ ಒಪ್ಪಿದ್ದಾರೆ. ಒಬ್ಬರ ಎಚ್-ಇಂಡೆಕ್ಸ್ (ಲೇಖನಗಳಿಗೆ ಬಂದ ಉಲ್ಲೇಖಗಳಿಂದ ಲೆಕ್ಕ ಹಾಕುವ ಸೂಚ್ಯಂಕ) ಉಲ್ಲೇಖಗಳನ್ನು ಎಣಿಸುವ ಜಾಲತಾಣವಾದ ಗೂಗಲ್ ಸ್ಕಾಲರ್‌ನಲ್ಲಿ 38 ಇದೆ. ಇನ್ನೊಬ್ಬರದು ಅಂಥದೇ ಮತ್ತೊಂದು ತಾಣ ಸ್ಕೋಪಸ್‌ನಲ್ಲಿ 17. ಮೊದಲನೆಯವರ ಒಂದು ಲೇಖನಕ್ಕೇ ಸಾವಿರಾರು ಉಲ್ಲೇಖಗಳು ಬಂದಿವೆ. ವಿಭಾಗದಲ್ಲಿ ಯಾರನ್ನು ಕೇಳಿದರೂ ದೊಡ್ಡ ಸಂಖ್ಯೆಯವರನ್ನೇ ಆರಿಸಿಕೊಳ್ಳಿ ಎನ್ನುತ್ತಾರೆ. ಈ ಅಂಕಿಗಳನ್ನು ಓದುವ ಸರಿಯಾದ ಕ್ರಮ ಯಾವುದೆಂದು ಬಲ್ಲವರು ತಿಳಿಸಿಕೊಡಬೇಕು.

ಉತ್ತರ: ಗ್ರಂಥಪಾಲಕಿ, ಮಲ್ಲೇಶ್ವರ

ಆ ಎರಡು ಅಂಕಿಗಳನ್ನು ಹೋಲಿಸುವುದನ್ನು ಮೊದಲು ಬಿಟ್ಟುಬಿಡಿ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಈ ಲೆಕ್ಕ ಸರಳವಾಗಿದೆ: ತಲಾ 17 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಪಡೆದ 17 ಲೇಖನಗಳಿದ್ದರೆ ಸೂಚ್ಯಂಕ 17. ಆದರೆ ಗೂಗಲ್ ಸ್ಕಾಲರ್ ಪಿಎಚ್.ಡಿ. ಪ್ರಬಂಧ, ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮುನ್ನವೇ ಹೊರಬಂದ ಲೇಖನ) ಮುಂತಾದವುಗಳಲ್ಲಿ ಬಂದ ಉಲ್ಲೇಖಗಳನ್ನೂ ಎಣಿಸುತ್ತದೆ, ಸ್ಕೋಪಸ್ ತಾನು ಆಯ್ದುಕೊಂಡ ಪ್ರಕಟಣೆಗಳನ್ನಷ್ಟೇ ಪರಿಗಣಿಸುತ್ತದೆ. ಆದ್ದರಿಂದ ಇಬ್ಬರನ್ನೂ ಒಂದೇ ಕಡೆ ನೋಡಬೇಕು.

ನಮ್ಮ ಕಡೆಯ ಹೆಸರುಗಳದ್ದು ಇನ್ನೊಂದು ತೊಡಕು. ಎಚ್. ಎಸ್. ಮಂಜುನಾಥ ಎಂಬುವರಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಜರ್ನಲ್‌ನಲ್ಲಿ ಅವರು ‘ಮಂಜುನಾಥ ಎಚ್‌ಎಸ್’ ಆಗುತ್ತಾರೆ. ಇನಿಷಿಯಲ್ ಬಿಡಿಸಿ ‘ಮಂಜುನಾಥ ಹಾಸನ ಶ್ರೀನಿವಾಸ’ ಎಂದು ಬರೆದುಕೊಟ್ಟ ಮತ್ತೊಂದರಲ್ಲಿ ತಂದೆಯ ಹೆಸರೇ ಮನೆತನದ ಹೆಸರಾಗಿ ‘ಶ್ರೀನಿವಾಸ ಎಂಎಚ್’ ಎಂದು ಅಚ್ಚಾಗುತ್ತದೆ. ಹೀಗೆ ಒಬ್ಬರ ಕೆಲಸ ಇಬ್ಬರ ಲೆಕ್ಕಕ್ಕೆ ಹಂಚಿಹೋಗಬಹುದು. ಸಂಶೋಧಕರನ್ನು ಗುರುತಿಸುವ 16 ಅಂಕೆಗಳ ಆರ್ಕಿಡ್ (ORCID) ಸಂಖ್ಯೆ ಅವರಿಗೆ ಇದೆಯೇ ನೋಡಿ. ಇದ್ದರೆ ಲೇಖನಗಳ ಪಟ್ಟಿಯನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಬಸವನಗುಡಿ

ಮೇಡಂ ಹೇಳಿದ್ದು ಸರಿಯಾಗಿದೆ. ಸಾವಿರಾರು ಉಲ್ಲೇಖಗಳಿರುವ ಆ ಲೇಖನವನ್ನು ತೆರೆದು ಲೇಖಕರ ಪಟ್ಟಿಯನ್ನು ಓದಿ. ಜಾಗತಿಕ ರೋಗಭಾರ ಅಧ್ಯಯನದಂಥ ಲೇಖನಗಳಿಗೆ ನೂರಾರು ಲೇಖಕರಿರುತ್ತಾರೆ, ಉಲ್ಲೇಖಗಳು ಮಾತ್ರ ಪ್ರತಿಯೊಬ್ಬರ ಖಾತೆಗೂ ಪೂರ್ತಿಯಾಗಿ ಜಮೆಯಾಗುತ್ತವೆ. ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಕೆಲಸ ಮಾಡಿದವರ ಹೆಸರು ಮೊದಲಿಗೂ ಮಾರ್ಗದರ್ಶನ ನೀಡಿದವರ ಹೆಸರು ಕೊನೆಗೂ ಬರುವುದರಿಂದ, ವಿದ್ಯಾರ್ಥಿ ಮೊದಲ ಲೇಖಕರಾಗಿ ಗುರುಗಳು ಕೊನೆಯ ಲೇಖಕರಾಗಿರುವ ಲೇಖನಗಳು ಎಷ್ಟಿವೆ ಎಂಬುದೇ ನಿಮಗೆ ಮುಖ್ಯವಾದ ಲೆಕ್ಕ.

ಉಲ್ಲೇಖವೆಲ್ಲ ಮನ್ನಣೆಯಲ್ಲ ಎಂಬುದನ್ನೂ ಮರೆಯಬಾರದು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರ್ಯೂ ವೇಕ್‌ಫೀಲ್ಡ್ ತಂಡದ 1998ರ ಲೇಖನವನ್ನು ‘ದಿ ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಉಲ್ಲೇಖಿಸಿದವರಲ್ಲಿ ಬಹುಪಾಲು ಜನ ಅದನ್ನು ಅಲ್ಲಗಳೆಯುವುದಕ್ಕಾಗಿಯೇ ಉಲ್ಲೇಖಿಸಿದ್ದಾರೆ. ಎಣಿಸುವ ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ನಿಮ್ಮ ವಿಷಯ ಕ್ಷಯವಾದ್ದರಿಂದ ಇನ್ನೊಂದು ಮಾತು. ನಮ್ಮ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವುದಕ್ಕಿಂತ, ಬಂದವರ ಕಫವನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಪರೀಕ್ಷಿಸಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಈ ಕೆಲಸ ಆಧಾರವಾಯಿತು. ಇಂಥ ಪ್ರಭಾವವನ್ನು ಯಾವ ಎಚ್-ಇಂಡೆಕ್ಸ್ ತಾನೇ ಅಳೆದೀತು? ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳಿಗೆ ಸರಾಸರಿ ಬಂದ ಉಲ್ಲೇಖಗಳ ಸಂಖ್ಯೆ) ನೋಡಿ ಲೇಖನದ ಬೆಲೆ ಕಟ್ಟುವ ನಮ್ಮ ಬಡ್ತಿ ಸಮಿತಿಗಳ ರೂಢಿ ನನಗೆ ಇಂದಿಗೂ ನೋವು ತರುತ್ತದೆ. ಅದು ಜರ್ನಲ್‌ನ ಸರಾಸರಿಯೇ ಹೊರತು ಲೇಖನದ ಗುಣವಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ತೆರೆದು ನೋಡಿದೆ. ಆ ದೊಡ್ಡ ಲೇಖನ ಬಹುರಾಷ್ಟ್ರೀಯ ತಂಡದ್ದು, ಮೊದಲನೆಯವರ ಹೆಸರು ಪಟ್ಟಿಯ ನಡುವೆ ಎಲ್ಲೋ ಇದೆ. ಎರಡನೆಯವರ ಲೇಖನಗಳಲ್ಲಿ ವಿದ್ಯಾರ್ಥಿಗಳ ಹೆಸರೇ ಮೊದಲಿಗಿದೆ, ಆದರೆ ಆ ಮಾರ್ಗದರ್ಶಕರು ಈ ಕ್ಷೇತ್ರಕ್ಕೆ ಬಂದು ಹತ್ತು ವರ್ಷವೂ ಆಗಿಲ್ಲ.

ಉತ್ತರ: ಗ್ರಂಥಪಾಲಕಿ, ಮಲ್ಲೇಶ್ವರ

ಎಚ್-ಇಂಡೆಕ್ಸ್ ವರ್ಷಗಳೊಂದಿಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕೆಲಸ ನಿಲ್ಲಿಸಿದವರದೂ ಏರಬಹುದು. ಸ್ಕೋಪಸ್‌ನಲ್ಲಿ ಇಬ್ಬರ ಕಳೆದ ಐದು ವರ್ಷಗಳ ಲೇಖನಗಳನ್ನಷ್ಟೇ ತೆಗೆದು, ಸ್ವಂತ ಉಲ್ಲೇಖಗಳನ್ನು (ತಮ್ಮ ಲೇಖನಗಳನ್ನು ತಾವೇ ಉಲ್ಲೇಖಿಸಿದ್ದನ್ನು) ಕಳೆದು ಹೋಲಿಸಿ. ಆಮೇಲೆ ಆ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಿಗೆ ಪತ್ರ ಬರೆದು, ಪ್ರಯೋಗಾಲಯದಲ್ಲಿ ಗುರುಗಳು ಎಷ್ಟು ಸಮಯ ಕೊಡುತ್ತಾರೆಂದು ಕೇಳಿ.