ಕಾಗ್ನಿಟಿವ್ ಟ್ರೈನಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ‘ಅರಿವಿನ ತರಬೇತಿ’ ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆ (ಒಮ್ಮೆ ಖಿನ್ನತೆ, ಒಮ್ಮೆ ಉನ್ಮಾದ ಬರುವ ಕಾಯಿಲೆ) ಇರುವವರ ಮನೆಮಂದಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ಕಾಗ್ನಿಟಿವ್ ಟ್ರೈನಿಂಗ್’ ಎಂಬ ಭಾಗಕ್ಕೆ ಬಂದು ನಿಂತಿದ್ದೇನೆ. ಸರಿಯಾದ ಪದ ಸಿಗುತ್ತಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಖಿನ್ನತೆ ಕಳೆದ ಮೇಲೂ, ಉನ್ಮಾದ ಇಳಿದ ಮೇಲೂ ಕೆಲವರಿಗೆ ತಲೆ ಮೊದಲಿನಂತೆ ಓಡುವುದಿಲ್ಲ. ಮಾತ್ರೆ ತಪ್ಪಿಸಿರುವುದಿಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ, ನಗುನಗುತ್ತಾ ಮಾತಾಡುತ್ತಾರೆ. ಆದರೆ ಪೇಪರಿನ ಒಂದೇ ಪ್ಯಾರಾವನ್ನು ಮತ್ತೆ ಮತ್ತೆ ಓದಬೇಕಾಗುತ್ತದೆ. ಕುಕ್ಕರ್ ಇಟ್ಟು ಬಟ್ಟೆ ಒಣಹಾಕಲು ಹೋದರೆ ಕುಕ್ಕರ್ ಮರೆತೇ ಹೋಗುತ್ತದೆ. ನಾಲ್ಕು ಜನ ಕೂತು ಮಾತಾಡುವಾಗ ಮಾತು ಮುಂದೆ ಹೋಗಿರುತ್ತದೆ, ಇವರು ಇನ್ನೂ ಹಿಂದಿನದರಲ್ಲೇ ಇರುತ್ತಾರೆ. ಮನೆಯವರು ‘ಸೋಮಾರಿತನ’ ಅಂದುಬಿಡುತ್ತಾರೆ. ಅಲ್ಲ, ಇದೂ ಕಾಯಿಲೆಯದೇ ಒಂದು ಭಾಗ. ಗಮನ, ನೆನಪು, ಕೆಲಸ ಹೊಂದಿಸಿಕೊಳ್ಳುವ ಶಕ್ತಿ, ಇವನ್ನು ಅಭ್ಯಾಸದಿಂದ ಮತ್ತೆ ಪಳಗಿಸುವ ಪ್ರಯತ್ನವೇ ಈ ಟ್ರೈನಿಂಗ್. 7, 2, 9 ಎಂದು ಕೇಳಿಸಿಕೊಂಡು 9, 2, 7 ಎಂದು ಹೇಳುವುದು. ನೀಲಿ ಶಾಯಿಯಲ್ಲಿ ಬರೆದ ‘ಕೆಂಪು’ ಎಂಬ ಪದ ನೋಡಿ, ಪದ ಓದದೆ ಬಣ್ಣ ಹೇಳುವುದು. ಸುಲಭ ಅನಿಸುತ್ತದೆ, ಅಲ್ವಾ? ಬೇಗ ಬೇಗ ಹೇಳಿ ನೋಡಿ, ನಾಲಿಗೆ ತಡವರಿಸುತ್ತದೆ.

ಈಗ ಪದಗಳಿಗೆ ಬರೋಣ. ‘ಅರಿವಿನ ತರಬೇತಿ’ ಅಂದರೆ ಓದುವವರಿಗೆ ಡೆಂಗಿ ಬಗ್ಗೆಯೋ ಮತದಾನದ ಬಗ್ಗೆಯೋ ಅರಿವು ಮೂಡಿಸುವ ಶಿಬಿರ ನೆನಪಾಗುತ್ತದೆ. ವಚನಕಾರರ ‘ಅರಿವು’ ಇನ್ನೊಂದೇ ಎತ್ತರದ್ದು. ಅದಕ್ಕಿಂತ ದೊಡ್ಡ ತೊಡಕು, ಸಿ.ಬಿ.ಟಿ.ಗೆ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಮಾತಿನ ಚಿಕಿತ್ಸೆಗೆ) ‘ಅರಿವಿನ ವರ್ತನಾ ಚಿಕಿತ್ಸೆ’ ಎಂದು ಈಗಾಗಲೇ ಬರೆಯುತ್ತಾರೆ. ಅದಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು ಅಮೆರಿಕದ ಆರನ್ ಬೆಕ್, 1960ರ ದಶಕದಲ್ಲಿ. ‘ನನ್ನ ಕೈಲಿ ಏನೂ ಆಗಲ್ಲ’ ಎಂಬಂಥ ಯೋಚನೆಯನ್ನು ಹಿಡಿದು, ಅದು ನಿಜವೇ ಎಂದು ಕೇಳುವ ಚಿಕಿತ್ಸೆ ಅದು. ಕಾಗ್ನಿಟಿವ್ ಟ್ರೈನಿಂಗ್ ಆ ದಾರಿ ಹಿಡಿಯುವುದಿಲ್ಲ. ಯಾವ ಯೋಚನೆ ಬರುತ್ತಿದೆ ಎಂಬುದು ಅದರ ವಿಷಯವಲ್ಲ, ಯೋಚಿಸುವ ಶಕ್ತಿಗೆ ಅದು ಕಸರತ್ತು ಕೊಡುತ್ತದೆ. ಎರಡಕ್ಕೂ ‘ಅರಿವು’ ಅಂದರೆ ಮನೆಯವರು ಒಂದನ್ನು ಇನ್ನೊಂದು ಎಂದುಕೊಳ್ಳುವುದು ಖಂಡಿತ.

‘ಬುದ್ಧಿ’ ನನಗೆ ಬೇಡವೇ ಬೇಡ. ‘ಬುದ್ಧಿ ಹೇಳು’ ಅಂದರೆ ಉಪದೇಶ, ‘ಬುದ್ಧಿ ಕಲಿಸು’ ಅಂದರೆ ಶಿಕ್ಷೆ. ಜೊತೆಗೆ ‘ಬುದ್ಧಿಮಾಂದ್ಯ’ ಎಂಬ ಹಳೆಯ ಪದದ ನೆರಳು ಬೇರೆ. ಕಾಯಿಲೆಯಿಂದ ಈಗಷ್ಟೇ ಎದ್ದು ಬರುತ್ತಿರುವವರಿಗೆ ‘ನಿಮಗೆ ಬುದ್ಧಿ ತರಬೇತಿ ಬೇಕು’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ‘ಸಂಜ್ಞಾನಾತ್ಮಕ’ ಪಠ್ಯಪುಸ್ತಕದಲ್ಲಿ ಇರಲಿ. ಮಗನನ್ನು ಕರೆದುಕೊಂಡು ಊರಿಂದ ಬಸ್ಸಿನಲ್ಲಿ ನಿಮ್ಹಾನ್ಸ್‌ಗೆ ಬರುವ ತಾಯಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಟ್ರೈನಿಂಗ್ ಜೊತೆಗೆ ‘ರೆಮಿಡಿಯೇಷನ್’ ಎಂಬ ಜೋಡಿ ಪದವೂ ಇದೆ, ಕುಂದಿದ್ದನ್ನು ಸರಿಪಡಿಸುವುದು ಎಂಬ ಅರ್ಥದಲ್ಲಿ. ‘ಪುನರ್ವಸತಿ’ ಅಂದರೆ ಅಣೆಕಟ್ಟಿನಲ್ಲಿ ಮುಳುಗಿದ ಊರಿನ ಜನ ನೆನಪಾಗುತ್ತಾರೆ, ‘ಪರಿಹಾರ’ ಅಂದರೆ ದುಡ್ಡು.

ಇಲ್ಲೊಂದು ಅಧ್ಯಯನದ ಮಾತು ಹೇಳಲೇಬೇಕು, ಪದದ ಆಯ್ಕೆಗೆ ಅದು ನೇರ ಸಂಬಂಧ. ಸ್ಪೇನಿನಲ್ಲಿ ಬಾರ್ಸಿಲೋನಾದ ತಂಡದವರ ನೇತೃತ್ವದಲ್ಲಿ ಬೈಪೋಲಾರ್ ಇರುವ 239 ಜನರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಾಯಿಲೆ ಹತೋಟಿಯಲ್ಲಿದ್ದವರನ್ನೇ ಆರಿಸಿದ್ದರು. ವಾರಕ್ಕೊಮ್ಮೆ ಒಂದೂವರೆ ಗಂಟೆ, ಒಟ್ಟು 21 ವಾರ. ಗಮನ, ನೆನಪು, ಯೋಜನೆಗೆ ಬೇಕಾದ ಉಪಾಯಗಳನ್ನು ದಿನನಿತ್ಯದ ಕೆಲಸಗಳಿಗೆ ಹೊಂದಿಸಿ ಕಲಿಸಿದರು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇವರು ಕೆಲಸಕಾರ್ಯ, ಜನಸಂಪರ್ಕ ಇವುಗಳಲ್ಲಿ ಮುಂದೆ ಬಂದರು. ಆದರೆ ನೆನಪು, ಗಮನದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ, ‘ಮೆದುಳನ್ನು ಚುರುಕು ಮಾಡುವ ತರಬೇತಿ’ ಎಂದು ಬರೆದರೆ ಇಲ್ಲದ ಆಸೆ ಹುಟ್ಟಿಸಿದ ಹಾಗಾಗುತ್ತದೆ. ಮಾತ್ರೆಯ ಜಾಗಕ್ಕೆ ಇದು ಬರುತ್ತದೆ ಎಂದೂ ಯಾರಿಗೂ ಅನಿಸಬಾರದು.

ಆದ್ದರಿಂದ ಸದ್ಯಕ್ಕೆ ‘ಗಮನ-ನೆನಪಿನ ಅಭ್ಯಾಸ’ ಎಂದು ಬರೆದುಕೊಂಡಿದ್ದೇನೆ. ‘ಅಭ್ಯಾಸ’ ನನಗೆ ಇಷ್ಟವಾದ ಪದ. ಸಂಗೀತದ ಅಭ್ಯಾಸವೂ ಅದೇ, ದಿನಾ ಚೀಟಿ ಬರೆದಿಟ್ಟುಕೊಳ್ಳುವ ಅಭ್ಯಾಸವೂ ಅದೇ. ದಿನಾ ಮಾಡಬೇಕಾದ ಕೆಲಸ ಎಂಬುದು ಪದದಲ್ಲೇ ಇದೆ, ವಾಸಿಯಾಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಆದರೆ ಮೂರನೆಯದು, ಕೆಲಸ ಹೊಂದಿಸಿಕೊಳ್ಳುವ ಶಕ್ತಿ, ಹೊರಗೇ ಉಳಿಯಿತು. ಅದಕ್ಕೆ ಇಂಗ್ಲಿಷಿನವರು ‘ಎಕ್ಸಿಕ್ಯುಟಿವ್ ಫಂಕ್ಷನ್’ ಅನ್ನುತ್ತಾರೆ. ‘ಕಾರ್ಯಪಾಲಕ’ ಅಂದರೆ ಇಂಜಿನಿಯರ್ ಹುದ್ದೆಯೇ ಕಣ್ಣ ಮುಂದೆ ಬರುತ್ತದೆ. ನನಗೆ ಬೇಕಾದ ಅರ್ಥ ಇದು: ಹತ್ತು ಜನಕ್ಕೆ ಅಡುಗೆ ಆಗಬೇಕು. ಬೇಳೆ ಯಾವಾಗ ಇಡಬೇಕು, ಅದು ಬೇಯುವಷ್ಟರಲ್ಲಿ ಏನು ಹೆಚ್ಚಿಕೊಳ್ಳಬೇಕು, ನಡುವೆ ಗ್ಯಾಸ್ ಮುಗಿದರೆ ಏನು ಮಾಡಬೇಕು, ಇಷ್ಟನ್ನೂ ತಲೆಯಲ್ಲಿ ಹಿಡಿದುಕೊಂಡು ಸಂದರ್ಭಕ್ಕೆ ತಕ್ಕಂತೆ ಬದಲಿಸುವ ಶಕ್ತಿ. ‘ಹವಣು’ ಆದೀತೇ? ಈಗ ‘ಹವಣಿಸು’ ಅಂದರೆ ಹೊಂಚು ಹಾಕು ಎಂಬ ಛಾಯೆ ಜಾಸ್ತಿ. ‘ಅಣಿ’ ಚೆನ್ನಾಗಿದೆ, ಆದರೆ ಅದು ಸಿದ್ಧತೆಗೆ ನಿಲ್ಲುತ್ತದೆ. ‘ನಿಭಾಯಿಸು’ ಎಲ್ಲಕ್ಕಿಂತ ಹತ್ತಿರ. ಅದರಿಂದ ಚೊಕ್ಕವಾದ ನಾಮಪದ ಮಾಡುವುದು ಹೇಗೆ?

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ. ಹೀಗೆ ಎಲ್ಲವನ್ನೂ ಹೊಂದಿಸಿಕೊಂಡು ಹೋಗುವವರನ್ನು ನಿಮ್ಮ ಕಡೆ ಏನೆಂದು ಹೇಳುತ್ತಾರೆ? ಪದವನ್ನು ಬಿಡಿಯಾಗಿ ಬರೆಯಬೇಡಿ, ಅವರ ಬಾಯಲ್ಲಿ ಬಂದ ವಾಕ್ಯವನ್ನೇ ಬರೆದು ಕಳಿಸಿ.